ಹವಳದ ಅಕ್ವೇರಿಯಂಗೆ ಎಷ್ಟು ದೊಡ್ಡ ದೀಪ ಬೇಕು? ಅಳತೆಪಟ್ಟಿಯಿಂದ ಬೆಳಕಿನ ಮೀಟರ್‌ವರೆಗೆ

ಡಬ್ಬಿಯ ಮೇಲೆ ‘75 ಗ್ಯಾಲನ್ ತೊಟ್ಟಿಗೆ ಸಾಕು’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ನನ್ನ ತೊಟ್ಟಿ ಸರಿಯಾಗಿ 75 ಗ್ಯಾಲನ್. ಇನ್ನು ಯೋಚಿಸುವುದೇನಿದೆ ಎಂದು ದೀಪವನ್ನು ಕೊಂಡು ತಂದು, ನಾಲ್ಕು ಅಡಿ ಉದ್ದದ ತೊಟ್ಟಿಯ ನಟ್ಟನಡುವೆ ತೂಗುಹಾಕಿದೆ. ಎರಡು ತಿಂಗಳೊಳಗೆ ನಡುಗಲ್ಲಿನ ಮೇಲಿದ್ದ ಹ್ಯಾಮರ್ ಹವಳ ಬಿಳಿಚಿಕೊಂಡಿತು. ಎಡ ಮೂಲೆಯಲ್ಲಿದ್ದ ಹಸಿರು ಮಾಂಟಿಪೊರ ಹವಳ ಕೆಸರಿನಂಥ ಕಂದುಬಣ್ಣಕ್ಕೆ ತಿರುಗಿತು. ಒಂದೇ ತೊಟ್ಟಿ, ಒಂದೇ ನೀರು. ಒಂದಕ್ಕೆ ಬೆಳಕು ಹೆಚ್ಚಾಗಿ ಸಂಕಟ, ಇನ್ನೊಂದಕ್ಕೆ ಬೆಳಕು ಸಾಲದೆ ಸಂಕಟ. ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿನ ಹವ್ಯಾಸಿ ಗೆಳೆಯರೊಬ್ಬರಿಂದ ಬೆಳಕಿನ ಮೀಟರ್ ಎರವಲು ತಂದು ಅಳೆದಾಗ ನಡುಗಲ್ಲಿನ ತುದಿಯಲ್ಲಿ 380 ಬಂತು, ಎಡ ಮೂಲೆಯ ಮರಳಿನ ಮೇಲೆ 25.

ಡಬ್ಬಿ ಪೂರ್ತಿ ಸುಳ್ಳು ಹೇಳಿರಲಿಲ್ಲ ಎಂಬುದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಆ ದೀಪದಿಂದ ಬರುತ್ತಿದ್ದ ಬೆಳಕಿನ ಮೊತ್ತ ನನ್ನ ತೊಟ್ಟಿಗೆ ಹೆಚ್ಚುಕಡಿಮೆ ಸಾಲುತ್ತಿತ್ತು. ಸಾಲದೇ ಹೋದದ್ದು ಹಂಚಿಕೆ. ಗ್ಯಾಲನ್ ಎಂಬುದು ನೀರಿನ ಅಳತೆ. ಹೀಟರ್ ಕೊಳ್ಳುವಾಗ, ಉಪ್ಪು ಬೆರೆಸುವಾಗ ಅದು ಕೆಲಸಕ್ಕೆ ಬರುತ್ತದೆ. ದೀಪ ಕೊಳ್ಳುವವರಿಗೆ ಬೇಕಾದದ್ದು ತೊಟ್ಟಿಯ ಉದ್ದ, ಅಗಲ, ಆಳ ಎಂಬ ಮೂರು ಬಿಡಿ ಸಂಖ್ಯೆಗಳು. ಮೂರನ್ನೂ ಗುಣಿಸಿ ಒಂದು ಮಾಡಿದ ಕೂಡಲೇ ನಮಗೆ ಬೇಕಾದ ವಿವರ ಕಳೆದುಹೋಗುತ್ತದೆ.

ಮುಂದೆ ಬರುವ ಹೆಜ್ಜೆಗಳನ್ನು ಅನುಸರಿಸಲು ಅಳತೆಪಟ್ಟಿ, ಕಾಗದ, ಪೆನ್ಸಿಲ್ ಮತ್ತು ಮೊಬೈಲ್‌ನ ಕ್ಯಾಲ್ಕ್ಯುಲೇಟರ್ ಸಾಕು. ದುಡ್ಡು ಕೊನೆಯ ಹೆಜ್ಜೆಗಳಲ್ಲಿ ಮಾತ್ರ ಬೇಕಾಗುತ್ತದೆ.

ಶುರುಮಾಡುವ ಮೊದಲು ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರಿಗೆ ಒಂದು ಎಚ್ಚರಿಕೆ. ಬಂಡೆ ಕಟ್ಟುವ ಕಲ್ಲುಹವಳಗಳೆಲ್ಲವೂ, ಸಮುದ್ರಬೀಸಣಿಗೆ, ಕಪ್ಪುಹವಳಗಳೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಸಮುದ್ರದಿಂದ ಅವನ್ನು ಕೀಳುವುದೂ ಮಾರುವುದೂ ಅಪರಾಧ. ಹೊರದೇಶದಿಂದ ತರಿಸುವುದಕ್ಕೂ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಬೇಕು. ಅಂಗಡಿಯವನು ‘ಎಲ್ಲರೂ ಇಟ್ಟುಕೊಂಡಿದ್ದಾರೆ’ ಎಂದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಮುಳುಗಿ, ಕಣ್ಣು ತುಂಬಿಕೊಂಡು ಬನ್ನಿ, ಕೈ ಖಾಲಿಯಿರಲಿ. ಇಲ್ಲಿ ನಾನು ಬರೆಯುತ್ತಿರುವುದು ಅಮೆರಿಕದಲ್ಲಿ ತೊಟ್ಟಿಯಲ್ಲೇ ಬೆಳೆಸಿ, ತುಂಡು ಮಾಡಿ, ಕಾನೂನುಬದ್ಧವಾಗಿ ಮಾರುವ ಹವಳಗಳ ಬಗ್ಗೆ. ಅಳತೆಗಳೂ ಇಲ್ಲಿನ ಸಿದ್ಧ ತೊಟ್ಟಿಗಳವೇ.

ಮೊದಲ ಹೆಜ್ಜೆ: ಯಾವ ಹವಳ, ಎಲ್ಲಿ ಕೂರುತ್ತದೆ?

ಹವಳ ಪ್ರಾಣಿಯಾದರೂ ಅದರ ಮೈಯೊಳಗೆ ಸೂಕ್ಷ್ಮ ಪಾಚಿಗಳು ಮನೆಮಾಡಿಕೊಂಡಿರುತ್ತವೆ. ಬೆಳಕಿನಿಂದ ಅವು ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ನಮ್ಮಮ್ಮ ಕುಮಟಾದಿಂದ ಬಂದವಳು ಮೂರು ದಿನ ತೊಟ್ಟಿಯ ಮುಂದೆ ಕುಳಿತು ನೋಡಿ, ‘ಇವಕ್ಕೆ ಊಟ ಹಾಕುವುದು ಯಾವಾಗ?’ ಎಂದು ಕೇಳಿದಳು. ನಾನು ದೀಪದ ಕಡೆ ಕೈ ತೋರಿಸಿದೆ. ‘ಹಾಗಾದರೆ ತೋಟವೇ ಅನ್ನು’ ಎಂದಳು. ಅವಳ ಮಾತನ್ನೇ ಹಿಡಿದು ಹೇಳುವುದಾದರೆ, ನಮ್ಮ ಕಡೆಯ ಅಡಿಕೆ ತೋಟದಲ್ಲಿ ಮೇಲೆ ಅಡಿಕೆಯ ಹೆಡೆ, ನಡುವೆ ಬಾಳೆ, ಕೆಳಗಿನ ತಂಪಿನಲ್ಲಿ ಏಲಕ್ಕಿ ಇರುತ್ತವೆ. ಏಲಕ್ಕಿಯನ್ನು ಬಟ್ಟಬಯಲಿನಲ್ಲಿ ನೆಟ್ಟರೆ ಸುಟ್ಟುಹೋಗುತ್ತದೆ. ಹವಳದ ತೊಟ್ಟಿಯಲ್ಲೂ ಮೇಲು, ನಡು, ತಳ ಎಂಬ ಮೂರು ಅಂತಸ್ತುಗಳಿವೆ.

ಬೆಳಕನ್ನು ಅಳೆಯಲು ಹವ್ಯಾಸಿಗಳು ಬಳಸುವ ಮಾತು ಪಾರ್. ದ್ಯುತಿಸಂಶ್ಲೇಷಣೆಗೆ ಒದಗುವ, 400ರಿಂದ 700 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಎಷ್ಟು ಬೀಳುತ್ತವೆ ಎಂಬುದರ ಲೆಕ್ಕ ಅದು. ಮಾನ ಮೈಕ್ರೋಮೋಲ್. ಉಷ್ಣವಲಯದ ನಡುಮಧ್ಯಾಹ್ನದ ಬಿಸಿಲು ಸುಮಾರು 2000 ತೂಗುತ್ತದೆ. ತೊಟ್ಟಿಯಲ್ಲಿ ಅಷ್ಟು ಯಾವ ಹವಳಕ್ಕೂ ಬೇಡ.

ಮಶ್ರೂಮ್, ಜೊವಾಂಥಿಡ್, ಲೆದರ್‌ನಂಥ ಮೆದುಹವಳಗಳಿಗೆ 50ರಿಂದ 120 ಸಾಕು. ಹ್ಯಾಮರ್, ಟಾರ್ಚ್, ಬ್ರೇನ್ ಮುಂತಾದ ದೊಡ್ಡ ಬಾಯಿಯ ಕಲ್ಲುಹವಳಗಳನ್ನು ಹವ್ಯಾಸಿಗಳು ಎಲ್‌ಪಿಎಸ್ ಎನ್ನುತ್ತಾರೆ. ಅವಕ್ಕೆ 80ರಿಂದ 180. ಆಕ್ರೊಪೊರದಂಥ ಸಣ್ಣ ಬಾಯಿಯವು ಎಸ್‌ಪಿಎಸ್. ಅವಕ್ಕೆ 200ರಿಂದ 350. ಟ್ರೈಡಾಕ್ನಾ ಜಾತಿಯ ಚಿಪ್ಪುಜೀವಿಯನ್ನು ಸಾಕುವುದಾದರೆ ಎಸ್‌ಪಿಎಸ್‌ನ ಲೆಕ್ಕವನ್ನೇ ಇಟ್ಟುಕೊಳ್ಳಿ. ಇವು ಗೆರೆ ಕೊರೆದ ಗಡಿಗಳಲ್ಲ. ಹವಳ ನಿಧಾನವಾಗಿ ಹೊಂದಿಕೊಳ್ಳುವ ಜೀವಿ. ಆದರೆ 400 ದಾಟಿದ ಮೇಲೆ ಹೆಚ್ಚಿನವಕ್ಕೆ ಲಾಭವಿಲ್ಲ, ಅಪಾಯ ಮಾತ್ರ ಇದೆ. ಕಿತ್ತಳೆ ಬಣ್ಣದ ಸೂರ್ಯಹವಳದ ಹೆಸರು ಕೇಳಿ ಮೋಸಹೋಗಬೇಡಿ. ಅದರ ಮೈಯಲ್ಲಿ ಪಾಚಿಯೇ ಇಲ್ಲ, ಬೆಳಕೂ ಬೇಡ. ಅದಕ್ಕೆ ನಿಜವಾಗಿಯೂ ಊಟ ಹಾಕಬೇಕು.

ಕಾಗದದ ಮೇಲೆ ತೊಟ್ಟಿಯ ಮುಂದಿನ ನೋಟ ಬರೆದು, ಕಲ್ಲಿನ ದಿಬ್ಬ ಎಲ್ಲೆಲ್ಲಿ, ಎಷ್ಟು ಎತ್ತರ ಎಂದು ಗುರುತಿಸಿ, ಯಾವ ಹವಳ ಎಲ್ಲಿ ಎಂದು ತುಂಬಿ. ಹತ್ತು ನಿಮಿಷದ ಕೆಲಸ, ಆದರೆ ಇದನ್ನು ಬಿಟ್ಟರೆ ಮುಂದಿನ ಲೆಕ್ಕಕ್ಕೆ ಬುಡವೇ ಇರುವುದಿಲ್ಲ. ‘ಎಲ್ಲ ಬಗೆಯದೂ ಸ್ವಲ್ಪ ಸ್ವಲ್ಪ’ ಎಂಬುದು ಬಹುಪಾಲು ಜನರ ಉತ್ತರ, ನನ್ನದೂ ಅದೇ. ಹಾಗಿದ್ದಲ್ಲಿ ನಡು ಅಂತಸ್ತಿಗೆ 150 ಎಂದು ಗುರಿಯಿಟ್ಟರೆ ಮೇಲಿನ ಕಲ್ಲಿನಲ್ಲಿ 250ರ ಹತ್ತಿರ, ಮರಳಿನಲ್ಲಿ 80ರ ಹತ್ತಿರ ತಾನಾಗಿ ಸಿಗುತ್ತದೆ.

ಎರಡನೆಯ ಹೆಜ್ಜೆ: ತೊಟ್ಟಿಯ ಅಳತೆ

ಅಮೆರಿಕದ ಸಿದ್ಧ ತೊಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಗ್ಯಾಲನ್ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. 20 ಗ್ಯಾಲನ್‌ನ ಉದ್ದ ಮಾದರಿಯದ್ದು 30 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. 29 ಗ್ಯಾಲನ್‌ನದ್ದೂ ಅದೇ ಉದ್ದ, ಅದೇ ಅಗಲ; ಎತ್ತರ ಮಾತ್ರ 18 ಇಂಚು. ಎರಡಕ್ಕೂ ಒಂದೇ ಉದ್ದದ ದೀಪ ಬೇಕು, ಎರಡನೆಯದು ತುಸು ಬಲವಾಗಿರಬೇಕು. ಇನ್ನು 55, 75, 120 ಗ್ಯಾಲನ್‌ನ ತೊಟ್ಟಿಗಳನ್ನು ತೆಗೆದುಕೊಳ್ಳಿ. ಮೂರರ ಉದ್ದವೂ ಸರಿಸುಮಾರು 48 ಇಂಚೇ. ಅಗಲ ಮಾತ್ರ 13, 18, 24 ಎಂದು ಏರುತ್ತದೆ. 13 ಇಂಚಿನ ಓಣಿಗೆ ಒಂದು ಸಾಲು ಪಟ್ಟಿದೀಪ ಸಾಕು. 24 ಇಂಚಿನ ಅಂಗಳಕ್ಕೆ ಅದೇ ಒಂದು ಪಟ್ಟಿ ಹಾಕಿದರೆ ಮುಂದೆ ಅಥವಾ ಹಿಂದೆ ಕತ್ತಲೆ.

ಅಳೆಯಬೇಕಾದವು ಇವು: ಒಳಗಿನ ಉದ್ದ ಮತ್ತು ಅಗಲ; ನೀರಿನ ಮೇಲ್ಮೈಯಿಂದ ಮರಳಿನವರೆಗಿನ ಆಳ; ನೀರಿನಿಂದ ಅತಿ ಎತ್ತರದ ಕಲ್ಲಿನ ತುದಿಯವರೆಗಿನ ಆಳ; ತೊಟ್ಟಿಯ ಮೇಲೆ ಚಾವಣಿಯವರೆಗೆ ಅಥವಾ ಕಪಾಟಿನ ಮುಚ್ಚಳದವರೆಗೆ ಇರುವ ತೆರವು. ಇವಲ್ಲದೆ ನೋಡಬೇಕಾದ ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ, ನಾನೂ ಮರೆತಿದ್ದೆ. 75 ಮತ್ತು 120 ಗ್ಯಾಲನ್‌ನ ಎಷ್ಟೋ ಸಿದ್ಧ ತೊಟ್ಟಿಗಳ ಬಾಯಿಗೆ ನಟ್ಟನಡುವೆ ಒಂದು ಪ್ಲಾಸ್ಟಿಕ್ ಅಡ್ಡಪಟ್ಟಿ ಇರುತ್ತದೆ. ಗಾಜು ಹೊರಬಾಗದಂತೆ ಹಿಡಿಯುವ ಪಟ್ಟಿ ಅದು, ಕತ್ತರಿಸಲು ಬರುವುದಿಲ್ಲ. ನನ್ನ ಒಂಟಿ ದೀಪ ಸರಿಯಾಗಿ ಅದರ ನೆತ್ತಿಯ ಮೇಲಿತ್ತು. ಅಡ್ಡಪಟ್ಟಿಯಿರುವ ತೊಟ್ಟಿಗೆ ಎರಡು ದೀಪ, ಪಟ್ಟಿಯ ಆಚೆಗೊಂದು ಈಚೆಗೊಂದು. ಇದರಲ್ಲಿ ಚೌಕಾಸಿ ಬೇಡ.

ಮೂರನೆಯ ಹೆಜ್ಜೆ: ಬೆಳಕು ಎಷ್ಟು ದೂರ ಹರಡುತ್ತದೆ?

ಕರೆಂಟು ಹೋದಾಗ ಜಗಲಿಯಲ್ಲಿ ಲಾಟೀನು ಇಡುತ್ತಿದ್ದುದು ನೆನಪಿದೆಯೇ? ನೆಲದ ಮೇಲಿಟ್ಟರೆ ಪುಸ್ತಕ ಓದಬಹುದು, ಅಂಗಳ ಕಾಣುವುದಿಲ್ಲ. ಜಂತಿಗೆ ತೂಗುಹಾಕಿದರೆ ಅಂಗಳ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಹವಳದ ದೀಪವೂ ಇಷ್ಟೇ. ಮೇಲೇರಿಸಿದಂತೆ ಬೆಳಕು ಹರಡುತ್ತದೆ, ತೆಳ್ಳಗಾಗುತ್ತದೆ.

ಎಲ್‌ಇಡಿ ದೀಪದ ವಿವರಗಳಲ್ಲಿ ಮಸೂರದ ಕೋನ ಎಂದು ಒಂದು ಸಂಖ್ಯೆ ಇರುತ್ತದೆ: 80, 90, 120 ಡಿಗ್ರಿ, ಹೀಗೆ. ಅದರಿಂದ ಹರವನ್ನು ಲೆಕ್ಕ ಹಾಕಬಹುದು. 90 ಡಿಗ್ರಿಯದಾದರೆ ಸುಲಭ: ದೀಪ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಅಗಲದ ವೃತ್ತ ನೀರಿನ ಮೇಲೆ ಬೀಳುತ್ತದೆ. 25 ಸೆಂಟಿಮೀಟರ್ ಎತ್ತರಕ್ಕೆ 50 ಸೆಂಟಿಮೀಟರ್ ಅಗಲ. ನೀರಿನೊಳಗೆ ಹೊಕ್ಕ ಮೇಲೆ ಕಿರಣ ಒಳಕ್ಕೆ ಬಾಗುತ್ತದೆ. 45 ಡಿಗ್ರಿಯ ಓರೆ ಸುಮಾರು 32 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ ಇನ್ನೂ 25 ಸೆಂಟಿಮೀಟರ್ ಕೆಳಗೆ, ಅಂದರೆ ನಡು ಅಂತಸ್ತಿನ ಕಲ್ಲಿನ ಮಟ್ಟದಲ್ಲಿ, ವೃತ್ತದ ಅಗಲ ಸುಮಾರು 80 ಸೆಂಟಿಮೀಟರ್. ಅಂಚಿನಲ್ಲಿ ಬೆಳಕು ನಡುವಿನ ಅರ್ಧಕ್ಕಿಂತ ಕಡಿಮೆಯಿರುವುದರಿಂದ ಅಷ್ಟನ್ನೂ ನಂಬುವಂತಿಲ್ಲ. ನಂಬಬಹುದಾದದ್ದು 60 ಸೆಂಟಿಮೀಟರ್, ಅಂದರೆ ಎರಡು ಅಡಿ. ಎರಡು ಅಡಿಗೆ ಒಂದು ದೀಪ ಎಂದು ಹವ್ಯಾಸಿಗಳು ಹೇಳುವ ಮಾತಿಗೂ ಇದು ಹೊಂದುತ್ತದೆ.

120 ಡಿಗ್ರಿಯ ಮಸೂರವಾದರೆ ಅದೇ 25 ಸೆಂಟಿಮೀಟರ್ ಎತ್ತರದಿಂದ ನೀರಿನ ಮೇಲೆಯೇ 87 ಸೆಂಟಿಮೀಟರ್ ಹರಡುತ್ತದೆ. ಎರಡಡಿ ಅಗಲದ ತೊಟ್ಟಿಯಲ್ಲಿ ಅದರ ಒಂದು ಪಾಲು ನೇರವಾಗಿ ಕೋಣೆಗೆ, ಸೋಫಾದಲ್ಲಿ ಕುಳಿತವರ ಕಣ್ಣಿಗೆ. ಅಂಥ ದೀಪವನ್ನು 15 ಸೆಂಟಿಮೀಟರ್‌ಗೆ ಇಳಿಸಬಹುದು. ಆದರೆ ಇಳಿಸಿದಷ್ಟೂ ಉಪ್ಪುನೀರಿನ ಹನಿ ಹಾರಿ ಮಸೂರಕ್ಕೆ ಅಂಟುತ್ತದೆ.

ಇನ್ನೊಂದು ವಿಷಯ ನೆರಳು. ಬಯಲಾಟದ ರಂಗಸ್ಥಳಕ್ಕೆ ಮೊದಲೆಲ್ಲ ಗ್ಯಾಸ್‌ಲೈಟ್ ಇಡುತ್ತಿದ್ದಾಗ ಒಂದೇ ಕಡೆ ಇಡುತ್ತಿರಲಿಲ್ಲ. ಇಟ್ಟರೆ ವೇಷದ ಅರ್ಧ ಮುಖ ಕತ್ತಲೆಯಲ್ಲಿ ಉಳಿಯುತ್ತಿತ್ತು. ಹವಳ ನಡೆದಾಡುವುದಿಲ್ಲ, ನೆರಳಿನ ಬದಿ ಎಂದೆಂದಿಗೂ ನೆರಳಿನಲ್ಲೇ. ಕವಲೊಡೆದ ಆಕ್ರೊಪೊರದ ಬುಡ ಬಿಳಿಚಿ ಸಾಯುವುದಕ್ಕೆ ಇದೂ ಒಂದು ಕಾರಣ. ಆದ್ದರಿಂದ ಒಂದು 180 ವಾಟ್ ದೀಪಕ್ಕಿಂತ ಎರಡು 90 ವಾಟ್ ದೀಪಗಳು ಯಾವಾಗಲೂ ಮೇಲು ಎಂಬುದು ನನ್ನ ಅಭಿಪ್ರಾಯ. ದುಬಾರಿಯಾಗುತ್ತದೆ, ನಿಜ. ಒಂದು ಕೆಟ್ಟರೆ ಇನ್ನೊಂದು ಉರಿಯುತ್ತಿರುತ್ತದೆ ಎಂಬ ಧೈರ್ಯವೂ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಬಲದ ಲೆಕ್ಕ

‘ಗ್ಯಾಲನ್‌ಗೆ ಇಷ್ಟು ವಾಟ್’ ಎಂಬ ಹಳೆಯ ಸೂತ್ರ ಕೊಳವೆದೀಪದ ಕಾಲದ್ದು. ಎಲ್‌ಇಡಿ ಬಂದ ಮೇಲೆ ಅದು ಕೆಲಸಕ್ಕೆ ಬಾರದು. ಅದರ ಬದಲು ನಾನು ಮಾಡುವ ಒರಟು ಲೆಕ್ಕ ಇದು. ಪ್ರಯೋಗಾಲಯದ ನಿಖರತೆ ಇದಕ್ಕಿಲ್ಲ, ಆದರೆ ಕೊಳ್ಳುವ ಮುನ್ನ ಎಡವದಂತೆ ಕಾಯುತ್ತದೆ.

ತೊಟ್ಟಿಯ ಉದ್ದ ಮತ್ತು ಅಗಲವನ್ನು ಮೀಟರ್‌ನಲ್ಲಿ ಗುಣಿಸಿ ವಿಸ್ತೀರ್ಣ ಪಡೆಯಿರಿ. ಅದನ್ನು ನಡು ಅಂತಸ್ತಿನ ಗುರಿ ಪಾರ್‌ನಿಂದ ಗುಣಿಸಿ. ದೀಪದಿಂದ ಹೊರಟ ಬೆಳಕಿನಲ್ಲಿ ಅರ್ಧದಷ್ಟು ಹೊರಚೆಲ್ಲಿ, ಪ್ರತಿಫಲಿಸಿ, ಗಾಜಿನಾಚೆ ಹೋಗಿ ಹಾಳಾಗುತ್ತದೆ ಎಂದುಕೊಂಡು ಎರಡರಿಂದ ಗುಣಿಸಿ. ಒಂದು ವಾಟ್‌ಗೆ ಒಂದೂವರೆ ಮೈಕ್ರೋಮೋಲ್ ಬೆಳಕು ಕೊಡುತ್ತದೆ ಎಂದು ಹಿಡಿದು 1.5ರಿಂದ ಭಾಗಿಸಿ. ಕೊನೆಗೆ 0.7ರಿಂದ ಭಾಗಿಸಿ. ಈ ಕೊನೆಯ ಭಾಗಾಕಾರ ಏಕೆಂದರೆ, ಹವಳದ ದೀಪವನ್ನು ಯಾರೂ ಪೂರ್ತಿ ಬಲದಲ್ಲಿ ಉರಿಸುವುದಿಲ್ಲ. ನೀಲಿಯನ್ನು ಏರಿಸಿ, ಬಿಳಿ, ಕೆಂಪು, ಹಸಿರನ್ನು ತಗ್ಗಿಸಿಯೇ ಇಡುತ್ತಾರೆ. ಡಬ್ಬಿಯ ಮೇಲಿನ 90 ವಾಟ್ ಎಲ್ಲ ಬಣ್ಣವನ್ನೂ ಪೂರ್ತಿ ಏರಿಸಿದಾಗಿನ ಮಾತು.

ನನ್ನ 75 ಗ್ಯಾಲನ್ ತೊಟ್ಟಿಗೆ ಇದನ್ನು ಹಚ್ಚಿ ನೋಡೋಣ. 1.22 ಮೀಟರ್ ಉದ್ದ, 0.46 ಮೀಟರ್ ಅಗಲ, ವಿಸ್ತೀರ್ಣ 0.56 ಚದರ ಮೀಟರ್. ಎಲ್‌ಪಿಎಸ್ ಹೆಚ್ಚಿರುವುದರಿಂದ ಗುರಿ 120. ಗುಣಿಸಿದರೆ 67, ಎರಡರಷ್ಟು 134, 1.5ರಿಂದ ಭಾಗಿಸಿದರೆ ಸುಮಾರು 90 ವಾಟ್. ನಾನು ಕೊಂಡಿದ್ದ ದೀಪವೂ 90 ವಾಟ್! ಡಬ್ಬಿ ಸುಳ್ಳು ಹೇಳಿರಲಿಲ್ಲ ಎಂದದ್ದು ಇದಕ್ಕೇ. ಪೂರ್ತಿ ಉರಿಸಿ, ಬೆಳಕನ್ನು ನಾಲ್ಕಡಿಗೂ ಸಮನಾಗಿ ಹಂಚಲು ಆಗಿದ್ದರೆ ಸಾಲುತ್ತಿತ್ತು. ಒಂದೇ ಬಿಂದುವಿನಿಂದ ಹಾಗೆ ಹಂಚಲು ಬರುವುದಿಲ್ಲ. 0.7ರಿಂದಲೂ ಭಾಗಿಸಿದರೆ 128 ವಾಟ್. ಅಂದರೆ 65 ವಾಟ್‌ನ ಎರಡು ದೀಪಗಳು, ಅಡ್ಡಪಟ್ಟಿಯ ಎರಡೂ ಬದಿಗೆ. ಈಗ ನನ್ನಲ್ಲಿರುವುದು 90 ವಾಟ್‌ನ ಎರಡು, ತಗ್ಗಿಸಿ ಇಟ್ಟುಕೊಂಡಿದ್ದೇನೆ.

120 ಗ್ಯಾಲನ್‌ನ ನಾಲ್ಕಡಿ ಉದ್ದ, ಎರಡಡಿ ಅಗಲದ ತೊಟ್ಟಿಯಲ್ಲಿ ಆಕ್ರೊಪೊರ ಬೆಳೆಸುವ ಆಸೆಯಿದ್ದರೆ ಲೆಕ್ಕ ಏರುತ್ತದೆ. ವಿಸ್ತೀರ್ಣ 0.74, ಗುರಿ 250. ಕೊನೆಗೆ ಬರುವುದು ಸುಮಾರು 350 ವಾಟ್. 180 ವಾಟ್‌ನ ಎರಡು ಅಥವಾ 90 ವಾಟ್‌ನ ನಾಲ್ಕು. ಉದ್ದದಲ್ಲಿ 75 ಗ್ಯಾಲನ್‌ನದ್ದಕ್ಕೆ ಸಮನಾದ ತೊಟ್ಟಿಗೆ ಅದರ ಸುಮಾರು ಮೂರರಷ್ಟು ಬಲ.

36 ಇಂಚು ಉದ್ದ, 18 ಅಗಲ, 16 ಎತ್ತರದ 40 ಗ್ಯಾಲನ್ ಬ್ರೀಡರ್ ತೊಟ್ಟಿ ಹವಳದವರಿಗೆ ಬಲು ಪ್ರಿಯ. ಆಳ ಕಡಿಮೆ, ನೆಲ ಹೆಚ್ಚು. ಆದರೆ ದೀಪದ ಮಟ್ಟಿಗೆ ಮೂರಡಿ ಎಂಬುದು ತೊಡಕಿನ ಉದ್ದ. ಒಂದು ಹಾಕಿದರೆ ಎರಡೂ ತುದಿ ಮಂಕು, ಎರಡು ಹಾಕಿದರೆ ಜೇಬಿಗೆ ಭಾರ. ವಿಸ್ತೀರ್ಣ 0.42, ಗುರಿ 150 ಎಂದರೆ ಸುಮಾರು 120 ವಾಟ್. ಇಲ್ಲಿ ನನ್ನ ಆಯ್ಕೆ 60 ವಾಟ್‌ನ ಎರಡು ಚಿಕ್ಕ ದೀಪಗಳು ಅಥವಾ 85ರಿಂದ 90 ಸೆಂಟಿಮೀಟರ್ ಉದ್ದದ ಎರಡು ಪಟ್ಟಿದೀಪಗಳು. ಒಂದೇ ಕೊಳ್ಳುವಷ್ಟು ದುಡ್ಡಿದ್ದರೆ ಹವಳಗಳನ್ನೆಲ್ಲ ನಡುವಿನ ಎರಡಡಿಗೆ ಸೇರಿಸಿ, ತುದಿಗಳಲ್ಲಿ ಮಶ್ರೂಮ್ ಬಿಡಿ. ಬೆಳಕಿಗೆ ತಕ್ಕಂತೆ ಕಲ್ಲು ಜೋಡಿಸುವುದರಲ್ಲಿ ಅವಮಾನವೇನಿಲ್ಲ.

20 ಗ್ಯಾಲನ್‌ನ ಉದ್ದ ಮಾದರಿಗೆ ಮೆದುಹವಳ ಸಾಕೆಂದರೆ 40 ವಾಟ್ ಮುಗಿಯಿತು. 29ಕ್ಕೆ ಆರು ಇಂಚು ಹೆಚ್ಚು ಆಳವಿರುವುದರಿಂದ 50 ವಾಟ್ ಇಟ್ಟುಕೊಳ್ಳಿ.

ಆಳವಾದ ನೀರು ಬೆಳಕನ್ನು ನುಂಗುತ್ತದೆ ಎಂಬ ಮಾತು ಕೇಳಿರುತ್ತೀರಿ. ಕಡಲಿನಲ್ಲಿ ಅದು ನಿಜ. ಎರಡಡಿಯ ತೊಟ್ಟಿಯಲ್ಲಿ ತಿಳಿನೀರು ನುಂಗುವುದು ಅಲ್ಪ. ಕೆಳಗೆ ಬೆಳಕು ಕಡಿಮೆಯಾಗುವುದು ಮುಖ್ಯವಾಗಿ ಅದು ಹರಡುವುದರಿಂದ, ಕಲ್ಲಿನ ನೆರಳಿನಿಂದ. ಆದರೆ ನೀರು ಹಳದಿಗಟ್ಟಿದ್ದರೆ ಮಾತು ಬೇರೆ. ಆ ಹಳದಿ ಮೊದಲು ನುಂಗುವುದೇ ಹವಳಕ್ಕೆ ಬೇಕಾದ ನೀಲಿಯನ್ನು. ಹೊಸ ದೀಪಕ್ಕೆ ದುಡ್ಡು ಸುರಿಯುವ ಮುಂಚೆ ಸಕ್ರಿಯ ಇದ್ದಿಲಿನ ಒಂದು ಚೀಲ ಹಾಕಿ ನೋಡಿ.

ಐದನೆಯ ಹೆಜ್ಜೆ: ಯಾವ ಬಗೆಯ ದೀಪ?

ತೂಗುದೀಪದಂಥ ಗಟ್ಟಿ ಎಲ್‌ಇಡಿ ಘಟಕಗಳದ್ದೇ ಈಗ ರಾಜ್ಯಭಾರ. ರೇಡಿಯಾನ್, ಹೈಡ್ರಾ, ಕೆಸಿಲ್ ಎಂಬ ಹೆಸರುಗಳನ್ನು ಇಲ್ಲಿನ ಯಾವ ಅಂಗಡಿಗೆ ಹೋದರೂ ಕೇಳುತ್ತೀರಿ. ಹೈಡ್ರಾ 32 ಮತ್ತು ಕೆಸಿಲ್ ಎ360ಎಕ್ಸ್ ಎರಡೂ 90 ವಾಟ್‌ನವು. ಎರಡಡಿ ಚೌಕಕ್ಕೆ ಒಂದರಂತೆ ಲೆಕ್ಕ ಹಿಡಿಯಲು ಅನುಕೂಲ. ಇವುಗಳ ಸೊಗಸೆಂದರೆ ನೀರಿನ ಅಲೆಯ ಬೆಳಕಿನ ಗೆರೆಗಳು ಮರಳಿನ ಮೇಲೆ ಕುಣಿಯುವುದು. ದೋಷವೂ ಅದರ ಬೆನ್ನಿಗೇ ಇದೆ. ಒಂದು ಬಿಂದುವಿನಿಂದ ಬರುವ ಬೆಳಕು ಗಾಢ ನೆರಳು ಹಾಕುತ್ತದೆ.

ಪಟ್ಟಿದೀಪಗಳು ತೊಟ್ಟಿಯ ಉದ್ದಕ್ಕೂ ಹರಡಿರುವುದರಿಂದ ನೆರಳು ಕಡಿಮೆ. ಟಿ5 ಕೊಳವೆಗಳನ್ನು ಇಂದಿಗೂ ಬಿಡದ ಹಠಮಾರಿ ಆಕ್ರೊಪೊರ ಪ್ರಿಯರಿದ್ದಾರೆ, ಅವರ ತೊಟ್ಟಿ ನೋಡಿದರೆ ವಾದ ಮಾಡಲು ಬಾಯಿ ಬರುವುದಿಲ್ಲ. ಅವುಗಳ ಅಳತೆ ಮಾತ್ರ ಕಟ್ಟುನಿಟ್ಟು: 24 ವಾಟ್‌ನ ಕೊಳವೆ 55 ಸೆಂಟಿಮೀಟರ್, 39ರದ್ದು 85, 54ರದ್ದು 115. ಕ್ರಮವಾಗಿ ಎರಡು, ಮೂರು, ನಾಲ್ಕು ಅಡಿಯ ತೊಟ್ಟಿಗೆ ಹೇಳಿಮಾಡಿಸಿದಂತಿವೆ. 30 ಇಂಚಿನ ತೊಟ್ಟಿಗೆ 24 ವಾಟ್‌ನ ಕೊಳವೆ ಹಾಕಿದರೆ ಎರಡೂ ತುದಿಯಲ್ಲಿ ಹತ್ತು ಹತ್ತು ಸೆಂಟಿಮೀಟರ್ ಖಾಲಿ ಉಳಿಯುತ್ತದೆ. ಒಂಬತ್ತು ತಿಂಗಳಿಗೋ ವರ್ಷಕ್ಕೋ ಕೊಳವೆ ಬದಲಿಸಬೇಕು ಎಂಬುದನ್ನೂ ಖರ್ಚಿಗೆ ಸೇರಿಸಿ. ಮೆಟಲ್ ಹ್ಯಾಲೈಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 250 ವಾಟ್‌ನ ಎರಡು ದೀಪಗಳನ್ನು ದಿನಕ್ಕೆ ಒಂಬತ್ತು ಗಂಟೆ ಉರಿಸಿದರೆ ತಿಂಗಳಿಗೆ 135 ಯೂನಿಟ್. 90 ವಾಟ್‌ನ ಎರಡು ಎಲ್‌ಇಡಿಗೆ ಪೂರ್ತಿ ಉರಿಸಿದರೂ 49 ಯೂನಿಟ್. ಮೇಲಾಗಿ ಹ್ಯಾಲೈಡ್‌ನ ಕಾವಿಗೆ ನೀರು ಬಿಸಿಯಾಗುತ್ತದೆ.

ಆರನೆಯ ಹೆಜ್ಜೆ: ತೂಗುಹಾಕಿ, ಅಳೆದು, ಕಾಯಿರಿ

ದೀಪಗಳನ್ನು ನೀರಿನಿಂದ 20ರಿಂದ 30 ಸೆಂಟಿಮೀಟರ್ ಮೇಲೆ ತೂಗುಹಾಕಿ. ನಾಲ್ಕಡಿ ತೊಟ್ಟಿಗೆ ಎರಡು ದೀಪವಿದ್ದರೆ ಪ್ರತಿಯೊಂದೂ ಅದರ ಪಕ್ಕದ ತುದಿಯಿಂದ ಒಂದಡಿ ಒಳಗಿರಲಿ. ಅಗಲದಲ್ಲಿ ನಡುಮಧ್ಯೆಗಿಂತ ತುಸು ಮುಂದಕ್ಕೆ ಇಡುವುದು ನನ್ನ ರೂಢಿ. ಬೆಳಕು ಹವಳದ ನಮಗೆ ಕಾಣುವ ಬದಿಗೆ ಬೀಳುತ್ತದೆ, ಹಿಂದಿನ ಗಾಜಿನ ಪಾಚಿಯೂ ಕಡಿಮೆಯಾಗುತ್ತದೆ. ಚಾವಣಿಗೆ ಕೊಕ್ಕೆ ಹೊಡೆಯುವುದಾದರೆ ಜಿಪ್ಸಮ್ ಹಲಗೆಗೆ ಹೊಡೆಯಬೇಡಿ, ಮರದ ತೊಲೆಯನ್ನು ಹುಡುಕಿ ಅದಕ್ಕೆ ಹೊಡೆಯಿರಿ. ವಿದ್ಯುತ್ ತಂತಿ ಪ್ಲಗ್‌ಗೆ ಹೋಗುವ ಮುನ್ನ ಒಂದು ಕಡೆ ಕೆಳಕ್ಕೆ ಜೋತುಬಿದ್ದು ಮೇಲೇರುವಂತೆ ಬಿಡಿ. ತಂತಿಗುಂಟ ಹರಿದ ಉಪ್ಪುನೀರು ಅಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್‌ನ ಬಾಯಿ ಸೇರುವುದಿಲ್ಲ.

ಅಳೆಯುವುದಕ್ಕೆ ಪಾರ್ ಮೀಟರ್ ಬೇಕು. ಮೊಬೈಲ್‌ನ ಲಕ್ಸ್ ಆ್ಯಪ್‌ಗಳಿಂದ ಆಗದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ, ಹಸಿರಿಗೆ ಹೆಚ್ಚು ಬೆಲೆ ಕೊಟ್ಟು ನೀಲಿಯನ್ನು ಕಡೆಗಣಿಸುತ್ತದೆ. ನೀರೊಳಗೆ ಇಳಿಸಬಹುದಾದ ಅಪೋಜಿಯಂಥ ಮೀಟರ್ ಕೊಳ್ಳಲು ದುಬಾರಿ. ಅಮೆರಿಕದಲ್ಲಿ ಕೆಲವು ಅಂಗಡಿಗಳು ಬಾಡಿಗೆಗೆ ಕೊಡುತ್ತವೆ, ಹವ್ಯಾಸಿ ಸಂಘಗಳು ಸದಸ್ಯರಿಗೆ ಎರವಲು ಕೊಡುತ್ತವೆ. ಒಂದು ಭಾನುವಾರ ಸಾಕು. ಮೇಲಿನ ಕಲ್ಲು, ನಡು, ಮರಳು, ನಾಲ್ಕು ಮೂಲೆ, ಅಡ್ಡಪಟ್ಟಿಯ ಕೆಳಗೆ, ಹೀಗೆ ಹದಿನೈದು ಜಾಗಗಳಲ್ಲಿ ಅಳೆದು, ಮೊದಲ ಹೆಜ್ಜೆಯಲ್ಲಿ ಬರೆದ ಚಿತ್ರದ ಮೇಲೆಯೇ ಅಂಕಿ ಬರೆಯಿರಿ. ಅಲೆಯಿಂದಾಗಿ ಅಂಕಿ ಕುಣಿಯುತ್ತದೆ. ಪಂಪ್ ನಿಲ್ಲಿಸಿ ಓದಿದರೆ ಸುಲಭ. ಒಂದೇ ಮಟ್ಟದಲ್ಲಿ ಅತಿ ಹೆಚ್ಚು ಅಂಕಿ ಅತಿ ಕಡಿಮೆಯ ಮೂರರಷ್ಟಕ್ಕಿಂತ ಮೇಲಿದ್ದರೆ ಬಲ ಹೆಚ್ಚಿಸಬೇಡಿ. ದೀಪವನ್ನು ಐದು ಸೆಂಟಿಮೀಟರ್ ಮೇಲೇರಿಸಿ ಮತ್ತೆ ಅಳೆಯಿರಿ.

ಹಳೆಯ ದೀಪ ತೆಗೆದು ಹೊಸದು ಹಾಕಿದ ದಿನವೇ ಗುರಿ ಮುಟ್ಟುವ ಆತುರ ಬೇಡ. ಗುರಿಯ ಅರ್ಧದಿಂದ ಶುರುಮಾಡಿ, ವಾರಕ್ಕೆ ಐದು ಶೇಕಡಾದಂತೆ ಏರಿಸಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ ಬೆಳಕು ಸಾಕು. ಹೆಚ್ಚು ಬೆಳಕಿನಿಂದ ಹವಳ ವಾರದೊಳಗೇ ಬಿಳಿಚಬಹುದು, ಕಡಿಮೆ ಬೆಳಕಿನಿಂದ ಸೊರಗಲು ತಿಂಗಳುಗಳು ಬೇಕು. ಹಾಗಾಗಿ ತಪ್ಪುವುದಾದರೆ ಕಡಿಮೆಯ ಕಡೆಗೆ ತಪ್ಪುವುದು ಕ್ಷೇಮ. ಬೆಳಕು ಸಾಲದಿದ್ದರೆ ಮೈಯೊಳಗಿನ ಪಾಚಿಯನ್ನು ಹೆಚ್ಚಿಸಿಕೊಂಡು ಕಂದಾಗುತ್ತದೆ, ಇಲ್ಲವೇ ಬೆಳಕಿನ ಕಡೆಗೆ ಕತ್ತು ಚಾಚಿ ಉದ್ದವಾಗುತ್ತದೆ. ಹೆಚ್ಚಾದರೆ ಮುದುಡುತ್ತದೆ, ಬಣ್ಣ ತೆಳುವಾಗುತ್ತದೆ, ಮೇಲ್ಮುಖದಿಂದ ಬಿಳುಪು ಶುರುವಾಗುತ್ತದೆ. ಬಿಳುಪು ಬುಡದಿಂದ ಮೇಲೇರುತ್ತಿದ್ದರೆ ದೀಪವನ್ನು ದೂರುವ ಮುಂಚೆ ನೀರಿನ ಕ್ಷಾರತೆ ಪರೀಕ್ಷಿಸಿ.

ನನ್ನ ಮಾಂಟಿಪೊರ ಹಸಿರಿಗೆ ಮರಳಲು ನಾಲ್ಕು ತಿಂಗಳು ಹಿಡಿಯಿತು. ಆಮೇಲೊಮ್ಮೆ ಮತ್ತೆ ಮಂಕಾಯಿತು. ಮೀಟರ್ ಇಳಿಸಿದರೆ ಮೊದಲು 160 ಇದ್ದ ಜಾಗದಲ್ಲಿ 120. ಹೊಸ ದೀಪ ನೋಡಲು ಅಂಗಡಿಗೆ ಹೊರಟವನು ಏನೋ ಅನುಮಾನ ಬಂದು ಏಣಿ ಹತ್ತಿ ನೋಡಿದೆ. ಮಸೂರದ ಮೇಲೆ ಉಪ್ಪಿನ ತೆಳುಪೊರೆ ಕಟ್ಟಿತ್ತು. ಸಿಹಿನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರೆಸಿದೆ. ಈಗ ತಿಂಗಳ ಮೊದಲ ಶನಿವಾರ ಆ ಕೆಲಸಕ್ಕೆಂದೇ ಏಣಿ ಹೊರಬರುತ್ತದೆ.